ಸತ್ತ ಬಬೂನುಗಳು ಮತ್ತು ಒಂದು ನೀತಿಕತೆ

ಪ್ರಾಣಿಗಳ ಕತೆ ಎಂದರೆ ಕೊನೆಯಲ್ಲಿ ಒಂದು ನೀತಿ ಇರಲೇಬೇಕು ಎಂಬ ರೂಢಿ ನಮಗೆ ಚಿಕ್ಕಂದಿನಲ್ಲೇ ಅಂಟಿಕೊಳ್ಳುತ್ತದೆ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಗುತ್ತಾ ಬಂತು. ಗೋವಿನ ಹಾಡು ಕೇಳಿ ಕಣ್ಣು ತುಂಬಿಕೊಳ್ಳದ ಮಕ್ಕಳು ಕಡಿಮೆ. ಆದರೆ ಪುಣ್ಯಕೋಟಿಯ ಸತ್ಯವನ್ನು ನೆನಪಿಟ್ಟುಕೊಂಡಷ್ಟು ಹಸಿದಿದ್ದ ಹುಲಿಯ ಸಾವನ್ನು ನಾವು ನೆನಪಿಟ್ಟುಕೊಂಡಿಲ್ಲ. ಆ ಸಾವು ನೀತಿಗೆ ಬೇಕಿತ್ತು, ಅಷ್ಟೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ ಅವರ ಬಬೂನುಗಳ ಬಗ್ಗೆ ಓದುವಾಗ ನನಗೆ ಈ ಹುಲಿ ಮತ್ತೆ ಮತ್ತೆ ನೆನಪಾಯಿತು.

ಸಪೋಲ್ಸ್ಕಿ 1978ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕೀನ್ಯಾದ ಮಸಾಯಿ ಮಾರಾ ಸೀಮೆಗೆ ಹೋದರು. ಬ್ರೂಕ್ಲಿನ್‌ನಲ್ಲಿ ಬೆಳೆದ ಹುಡುಗ, ಮ್ಯೂಸಿಯಮ್ಮಿನ ಗೊರಿಲ್ಲಾಗಳನ್ನು ನೋಡಿ ಮರುಳಾಗಿದ್ದವರು. ಸಿಕ್ಕಿದ್ದು ಮಾತ್ರ ಬಬೂನು. ಒತ್ತಡ ದೇಹವನ್ನು ಹೇಗೆ ಕೆಡಿಸುತ್ತದೆ, ಒಂದೇ ಗುಂಪಿನಲ್ಲಿದ್ದರೂ ಕೆಲವರನ್ನೇ ಏಕೆ ಹೆಚ್ಚು ಕೆಡಿಸುತ್ತದೆ ಎಂಬುದು ಅವರ ಪ್ರಶ್ನೆ. ಸಿಂಹ ಅಟ್ಟಿಸಿಕೊಂಡು ಬಂದಾಗ ಝೀಬ್ರಾದ ಮೈಯಲ್ಲಿ ಉಕ್ಕುವ ಹಾರ್ಮೋನುಗಳು ಓಟ ಮುಗಿದ ಮೇಲೆ ಇಳಿದುಹೋಗುತ್ತವೆ. ಮನುಷ್ಯನಿಗೆ ಅವೇ ಹಾರ್ಮೋನುಗಳು ಸಾಲದ ಕಂತಿಗೂ ಮೇಲಧಿಕಾರಿಯ ಮುಖಕ್ಕೂ ಉಕ್ಕುತ್ತವೆ, ಇಳಿಯುವುದೇ ಇಲ್ಲ. 1994ರ ‘ವೈ ಝೀಬ್ರಾಸ್ ಡೋಂಟ್ ಗೆಟ್ ಅಲ್ಸರ್ಸ್’ ಪುಸ್ತಕದ ತಿರುಳು ಇದು. ಈ ವಿಷಯದಲ್ಲಿ ಬಬೂನು ಝೀಬ್ರಾಕ್ಕಿಂತ ನಮಗೇ ಹತ್ತಿರ. ದಿನದ ಕೆಲವೇ ಗಂಟೆಗಳಲ್ಲಿ ಅದರ ಹೊಟ್ಟೆ ತುಂಬುತ್ತದೆ. ಉಳಿದ ಹೊತ್ತೆಲ್ಲ ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುವುದಕ್ಕೆ ಬಿಡುವು.

ರಕ್ತದಲ್ಲಿನ ಕಾರ್ಟಿಸಾಲ್ ಅಳೆದು ಸಪೋಲ್ಸ್ಕಿ ಕಂಡುಕೊಂಡ ಸಂಗತಿಗಳು ಈಗ ಪ್ರಸಿದ್ಧ. ಗುಂಪಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಗಟ್ಟಿಯಾಗಿದ್ದಾಗ ಕೆಳಗಿನ ಗಂಡುಗಳ ಮೈಯಲ್ಲಿ ಒತ್ತಡ ಹೆಚ್ಚು. ಪಟ್ಟ ಅಲುಗಾಡುತ್ತಿದ್ದಾಗ ಮೇಲಿನವರಿಗೂ ನೆಮ್ಮದಿಯಿಲ್ಲ. ಆದರೆ ಸ್ಥಾನವೇ ಎಲ್ಲವೂ ಅಲ್ಲ. ಪಕ್ಕದಲ್ಲಿ ಕೂತು ಮೈಯ ಹೇನು ಹೆಕ್ಕಲು ಒಬ್ಬ ಗೆಳತಿ ಇದ್ದಾಳೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿಯಬೇಕಾದರೆ 2001ರಲ್ಲಿ ಬಂದ ‘ಎ ಪ್ರೈಮೇಟ್ಸ್ ಮೆಮಾಯರ್’ ಓದಬೇಕು. ಅದರಲ್ಲಿ ಬಬೂನುಗಳಿಗೆ ಹಳೆಯ ಒಡಂಬಡಿಕೆಯ ಹೆಸರುಗಳಿವೆ: ಸಾಲೊಮನ್, ಸಾಲ್, ಲೇಯಾ, ಲೇಖಕರಿಗೆ ಎಲ್ಲರಿಗಿಂತ ಪ್ರಿಯನಾದ ಕೆದರುಗೂದಲಿನ ಬೆಂಜಮಿನ್. ಈ ಬೆಂಜಮಿನ್‌ನಂಥವರ ರಕ್ತ ತೆಗೆಯಬೇಕು. ತೆಗೆಯುವವರು ಬರುತ್ತಿದ್ದಾರೆಂದು ಅವನಿಗೆ ಗೊತ್ತಾದರೆ ಆ ಗಾಬರಿಯೇ ರಕ್ತದಲ್ಲಿ ಸೇರಿ ಲೆಕ್ಕ ಕೆಡುತ್ತದೆ. ಆದ್ದರಿಂದ ಅವನು ಅತ್ತ ತಿರುಗಿರಬೇಕು, ಉಳಿದವರು ಗಮನಿಸಿರಬಾರದು. ಅಂದು ಅವನು ಜಗಳವಾಡಿರಬಾರದು, ಕೂಡಿರಬಾರದು, ಕಾಯಿಲೆ ಬಿದ್ದಿರಬಾರದು. ಎಲ್ಲರಿಗೂ ದಿನದ ಅದೇ ಹೊತ್ತಾಗಿರಬೇಕು. ಆಗ ಊದುಕೊಳವೆಯಿಂದ ಅರಿವಳಿಕೆಯ ಬಾಣ. ಆಮೇಲೆ ನಿದ್ದೆಹೋದ ಆ ಭಾರವನ್ನು ತೋಳಲ್ಲಿ ಎತ್ತಿಕೊಂಡು ಬರುವುದು.

ಇದನ್ನೆಲ್ಲ ಸಪೋಲ್ಸ್ಕಿ ನಗಿಸುತ್ತಲೇ ಹೇಳುತ್ತಾರೆ. ನಾನೂ ನಕ್ಕೆ, ಆಮೇಲೆ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಒತ್ತಡವಿಲ್ಲದ ಕ್ಷಣವನ್ನು ಅಳೆಯಲು ಆ ಕ್ಷಣವನ್ನೇ ಮುರಿಯಬೇಕು. ಅದಕ್ಕಾಗಿ ಗೆಳೆಯನೊಬ್ಬ ಬೇಟೆಗಾರನ ಹೆಜ್ಜೆ ಕಲಿಯಬೇಕು. ಸಂಶೋಧನಾ ಪ್ರಬಂಧದಲ್ಲಿ ಇದು ‘ವಿಧಾನ’ ಎಂಬ ತಲೆಬರಹದ ಕೆಳಗಿನ ಒಂದೆರಡು ವಾಕ್ಯ. ಇಲ್ಲಿ ಮಾತ್ರ ಹೆಸರಿರುವ ಒಬ್ಬನ ಬೆನ್ನಿಗೆ ಬಿದ್ದ ಬಾಣ. ಈ ಪುಸ್ತಕದ ನಿಜವಾದ ಬೆಲೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ವಿಜ್ಞಾನ ತಪ್ಪು ಎಂದು ಅದು ಹೇಳುವುದಿಲ್ಲ. ತಿಳಿವಳಿಕೆಗೆ ತೆತ್ತ ಬೆಲೆಯನ್ನು ಲೆಕ್ಕದಿಂದ ಬಿಡಬಾರದು ಎನ್ನುತ್ತದೆ.

1980ರ ದಶಕದ ನಡುವೆ ಆ ಸೀಮೆಯ ಬಬೂನುಗಳಿಗೆ ಕ್ಷಯ ತಗುಲಿತು. ಪ್ರವಾಸಿಗರ ವಸತಿಗೃಹವೊಂದರ ಕಸದ ಗುಂಡಿಗೆ ರೋಗದ ದನದ ಮಾಂಸ ಬೀಳುತ್ತಿತ್ತು. ಅದನ್ನು ತಿಂದ ಬಬೂನುಗಳು ಸತ್ತವು. ಈ ಸಾವುಗಳ ಬಗ್ಗೆ ಸಪೋಲ್ಸ್ಕಿ ಎರಡು ಬಾರಿ ಬರೆದಿದ್ದಾರೆ. ನನ್ನ ಈ ಲೇಖನಕ್ಕೆ ಕಾರಣ ಆ ಎರಡು ಬರಹಗಳ ನಡುವಿನ ದೂರ.

ಮೊದಲನೆಯದು ಆತ್ಮಕತೆಯ ಕೊನೆಯ ಅಧ್ಯಾಯ. ಅದುವರೆಗಿನ ನಗೆ ಅಲ್ಲಿ ಬತ್ತಿಹೋಗುತ್ತದೆ. ಹೆಸರು ಹಿಡಿದು ಸತ್ತವರನ್ನು ನೆನೆಯುವ ಆ ಪುಟಗಳಲ್ಲಿ ಸಿಟ್ಟಿದೆ, ಕೈಲಾಗದ ಸಂಕಟವಿದೆ, ಸಮಾಧಾನವಿಲ್ಲ.

ಎರಡನೆಯದು 2004ರಲ್ಲಿ ಲಿಸಾ ಶೇರ್ ಅವರೊಡನೆ ‘ಪ್ಲಾಸ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಕಸದ ಗುಂಡಿಯ ಪಕ್ಕ ಆಗಲೇ ಬೇರೊಂದು ಗುಂಪು ನೆಲೆಸಿತ್ತು. ಅವರೊಡನೆ ಕಾದಾಡಿ ತಿನ್ನಬಲ್ಲವರು ಸಪೋಲ್ಸ್ಕಿಯವರ ಗುಂಪಿನ ಜಗಳಗಂಟ ಗಂಡುಗಳು ಮಾತ್ರ. ಹಾಗಾಗಿ ಸತ್ತವರೂ ಅವರೇ. ಗುಂಪಿನ ಗಂಡುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೋದವು. ಉಳಿದವರು ಸಾಧುಗಳು, ಜೊತೆಗೆ ಹೆಣ್ಣುಗಳು. ಗುಂಪು ಶಾಂತವಾಯಿತು. ಕೆಳಗಿನವರನ್ನು ಸುಮ್ಮಸುಮ್ಮನೆ ಕಚ್ಚುವುದು ಕಡಿಮೆಯಾಯಿತು, ಅವರ ಮೈಯ ಒತ್ತಡವೂ ಇಳಿಯಿತು. ಬಬೂನು ಗಂಡುಗಳು ಪ್ರಾಯಕ್ಕೆ ಬಂದಾಗ ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪು ಸೇರುತ್ತವೆ. 1993ರ ಹೊತ್ತಿಗೆ ಹಳೆಯ ಗಂಡುಗಳು ಯಾರೂ ಇರಲಿಲ್ಲ. ಆದರೂ ಹೊರಗಿನಿಂದ ಬಂದ ಹೊಸಬರು ಅದೇ ಶಾಂತ ರೀತಿ ಕಲಿತಿದ್ದರು.

ಇದು ಸಣ್ಣ ಮಾತಲ್ಲ. ಗಂಡು ಬಬೂನಿನ ಹಿಂಸೆ ಹುಟ್ಟುಗುಣ, ಬದಲಾಗದು ಎಂಬ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ಆದರೆ ಈ ಪ್ರಬಂಧ ಜಗತ್ತಿನಲ್ಲಿ ಹರಡಿದ್ದು ನೀತಿಕತೆಯಾಗಿ: ಪುಂಡರು ಹೋದರು, ಶಾಂತಿ ಬಂತು. ಕಚೇರಿಯ ಒತ್ತಡದಿಂದ ಹಿಡಿದು ಮನುಷ್ಯಕುಲದ ಭವಿಷ್ಯದವರೆಗೆ ಎಲ್ಲದಕ್ಕೂ ಅದನ್ನು ಉದಾಹರಿಸುತ್ತಾರೆ. ಹೀಗೆ ಹೇಳುವಾಗ ಕ್ಷಯ ಒಂದು ಉಪಕಾರ ಮಾಡಿದಂತೆ ಕೇಳಿಸುತ್ತದೆ. ಸತ್ತವರು ‘ಪುಂಡರು’ ಎಂಬ ಒಂದು ಪದದೊಳಗೆ ಮುಚ್ಚಿಹೋಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಕಸದ ಗುಂಡಿ ಮರೆಯಾಗುತ್ತದೆ. ಆ ಗುಂಡಿ ತೋಡಿದವರು ಬಬೂನುಗಳಲ್ಲ. ಪ್ರಾಣಿಗಳನ್ನು ನೋಡಲು ಬಂದವರ ಊಟದ ಉಳಿಕೆಯೇ ಪ್ರಾಣಿಗಳನ್ನು ಕೊಂದದ್ದು.

ಪ್ರಾಣಿಗಳ ಹಿತದ ಬಗ್ಗೆ ಮಾತಾಡುವವರು ಈ ಕತೆಯಿಂದ ಎತ್ತಬೇಕಾದ ಮೊದಲ ಪ್ರಶ್ನೆ ಇದು. ಬಬೂನು ನಮಗೇನು ಕಲಿಸುತ್ತದೆ ಎಂದು ಕೇಳುವುದು ಸುಲಭ. ನಾವು ಬಬೂನಿಗೆ ಏನು ಮಾಡಿದೆವು ಎಂದು ಕೇಳಿಕೊಳ್ಳುವುದು ಕಷ್ಟ. ಪ್ರಬಂಧ ಗುಂಡಿಯನ್ನು ಅಡಗಿಸಿಟ್ಟಿಲ್ಲ, ಕಾರಣವೆಂದು ದಾಖಲಿಸಿ ಮುಂದೆ ಹೋಗುತ್ತದೆ. ಪ್ರಬಂಧದ ಕೆಲಸವೇ ಅದು. ಗುಂಡಿಯ ಬಾಯಲ್ಲೇ ನಿಂತುಬಿಡುವುದು ಆತ್ಮಕತೆ.

ಆತ್ಮಕತೆಯ ಬಗ್ಗೆಯೂ ನನಗೆ ತಕರಾರಿದೆ. ಕೀನ್ಯಾದ ಮೋಸಗಾರರು, ಲಂಚಕೋರರು, ಮಾಸಾಯಿ ನೆರೆಯವರು ಅನೇಕ ಕಡೆ ನಗೆಪಾಟಲಿನ ಪಾತ್ರಗಳಾಗಿ ಬರುತ್ತಾರೆ. ಸಪೋಲ್ಸ್ಕಿ ತಮ್ಮನ್ನೂ ಬಿಡದೆ ನಕ್ಕಿದ್ದಾರೆ, ನಿಜ. ಆದರೂ ಒಬ್ಬೊಬ್ಬ ಬಬೂನಿನ ಸ್ವಭಾವವನ್ನು ಅಷ್ಟು ತಾಳ್ಮೆಯಿಂದ ಕಂಡ ಕಣ್ಣು ಮನುಷ್ಯರ ಕಡೆ ತಿರುಗಿದಾಗ ಕೆಲವು ಸಲ ಅವಸರಪಡುತ್ತದೆ.

ಇಷ್ಟಾದರೂ ಈ ಎರಡು ಬರಹಗಳಲ್ಲಿ ಒಂದನ್ನೇ ಓದುವುದಾದರೆ ನಾನು ಆತ್ಮಕತೆಯನ್ನೇ ಕೈಗೆತ್ತಿಕೊಳ್ಳುತ್ತೇನೆ. ಎರಡನ್ನೂ ಓದುವವರು ಪ್ರಬಂಧವನ್ನು ಮೊದಲು ಓದಲಿ, ಆತ್ಮಕತೆಯನ್ನು ಆಮೇಲೆ. ಶಾಂತವಾದ ಗುಂಪಿನ ಸುದ್ದಿ ಕೇಳಿ ಸಂತೋಷಪಟ್ಟ ಮೇಲೆ ಸತ್ತವರ ಹೆಸರುಗಳ ಹತ್ತಿರ ಬರಬೇಕು. ಗೋವಿನ ಹಾಡನ್ನು ಮುಂದಿನ ಸಲ ಕೇಳುವಾಗ ನಾನೂ ಕೊನೆಯಲ್ಲಿ ಆ ಹುಲಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.