ಪುನರ್ಪುಳಿ: ಹುಳಿಯ ಹಿಂದಿನ ಒಗರು

ಕೊಟ್ಟಿಗೆಹಾರದಿಂದ ಘಾಟಿಯ ತಿರುವುಗಳನ್ನು ಇಳಿದು ಚಾರ್ಮಾಡಿ ತಲುಪುವಷ್ಟರಲ್ಲಿ ಮೇಲಿನ ತಂಪು ಹೋಗಿ ಸೆಕೆ ಮೈಗೆ ಹತ್ತಿರುತ್ತದೆ. ಬೇಸಿಗೆಯಾದರಂತೂ ಕೇಳುವುದೇ ಬೇಡ. ಆಗ ಸಿಕ್ಕ ಪುನರ್ಪುಳಿ (ಕೋಕಂ) ಹಣ್ಣಿನ ಸಿಪ್ಪೆಯ ಜ್ಯೂಸನ್ನು ಗಟಗಟನೆ ಕುಡಿದರೆ ಬಾಯಾರಿಕೆ ತಣಿದೀತು, ರುಚಿ ತಿಳಿಯಲಾರದು. ಇದು ಊಟಕ್ಕೆ ಮೊದಲು ನಿಧಾನವಾಗಿ ಹೀರಬೇಕಾದದ್ದು.

ಸ್ಪೇನಿನಲ್ಲಿ ಊಟಕ್ಕೆ ಮೊದಲು ಕೆಂಪು ವರ್ಮೂತ್ ಹೀರುವ ರೂಢಿಯಿದೆ. ನಮ್ಮ ಮಾಚಿಪತ್ರೆಯ ಬಳಗಕ್ಕೆ ಸೇರಿದ ಕಹಿ ಗಿಡವನ್ನೂ ಇತರ ಮೂಲಿಕೆಗಳನ್ನೂ ಹಾಕಿದ ವೈನ್ ಅದು. ಜೊತೆಗೆ ನಾಲ್ಕು ಆಲಿವ್ ಕಾಯಿ. ಹಸಿವು ಕೆರಳಿಸುವುದೇ ಅದರ ಕೆಲಸ. ಮದ್ಯದ ಸೋಂಕಿಲ್ಲದ ಪುನರ್ಪುಳಿ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ನಾವೇ ಅದಕ್ಕೆ ಸಕ್ಕರೆ ಸುರಿದು ಪಾನಕ ಮಾಡಿಟ್ಟಿದ್ದೇವೆ.

ಮೊದಲು ಬಣ್ಣ ನೋಡಿ. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಒಳ್ಳೆಯ ಪುನರ್ಪುಳಿ ಕಡುಗೆಂಪಾಗಿ, ಅಂಚಿನಲ್ಲಿ ತುಸು ನೇರಳೆಯಾಗಿ ಕಾಣುತ್ತದೆ. ಹಳೆಯ ಸಿಪ್ಪೆಯದಾದರೆ ಕಂದು. ಕಣ್ಣು ಕುಕ್ಕುವ ಗುಲಾಬಿಗೆಂಪು ಕಂಡರೆ ಅನುಮಾನಪಡಿ. ಒಂದು ಚಮಚ ಜ್ಯೂಸಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ: ನೊರೆಯೆದ್ದು ಕೆಂಪು ಮಾಸಿ ನೀಲಿ-ಹಸಿರಿನತ್ತ ತಿರುಗಿದರೆ ಅದು ಹಣ್ಣಿನ ಆಂಥೋಸಯನಿನ್ ಬಣ್ಣ. ಕೆಂಪು ಕೆಂಪಾಗಿಯೇ ಕೂತರೆ ಅಂಗಡಿಯ ಬಣ್ಣ ಬೆರೆತಿರುವುದೇ ಹೆಚ್ಚು.

ಪರಿಮಳದ ವಿಚಾರದಲ್ಲಿ ಹೆಚ್ಚೇನೂ ಇಲ್ಲ. ಜೀರಿಗೆ ಹಾಕಿದ್ದರೆ ಮೂಗಿಗೆ ಅದೇ ಬಡಿಯುತ್ತದೆ. ನಿಜವಾದ ವಿದ್ಯೆ ನಾಲಗೆಯದು. ಐಸ್ ಬೇಡ, ಮಣ್ಣಿನ ಹೂಜಿಯ ತಂಪು ಸಾಕು. ಒಂದು ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಹುಳಿ ತಟ್ಟನೆ ಏರುತ್ತದೆ, ಹುಣಸೆಯಷ್ಟು ದಪ್ಪವಲ್ಲ, ಲಿಂಬೆಯಷ್ಟು ಚೂಪೂ ಅಲ್ಲ. ನುಂಗಿದ ಮೇಲೆ ಕೆನ್ನೆಯ ಒಳಮೈ ಹಿಡಿದಂತಾಗುವ ಒಗರು ಬರಬೇಕು. ನನ್ನ ಮಟ್ಟಿಗೆ ಪುನರ್ಪುಳಿಯ ಜಾತಕವೆಲ್ಲ ಈ ಒಗರಿನಲ್ಲಿದೆ. ಅದಿಲ್ಲದಿದ್ದರೆ ನೀವು ಕುಡಿದದ್ದು ಸಕ್ಕರೆ ಪಾಕ.

ಜೊತೆಗೆ ಏನು? ಜಿಡ್ಡಿರುವುದು, ತೆಂಗಿನಕಾಯಿ ಇರುವುದು. ತೆಂಗಿನೆಣ್ಣೆಯಲ್ಲಿ ಕರಿದ ಹಲಸಿನಕಾಯಿ ಹಪ್ಪಳಕ್ಕೆ ಇದರಷ್ಟು ಹೊಂದುವ ಪಾನೀಯ ಇನ್ನೊಂದಿಲ್ಲ. ಪ್ರತಿ ಗುಟುಕೂ ಎಣ್ಣೆಯ ಪಸೆಯನ್ನು ತೊಳೆದು ಮುಂದಿನ ತುಂಡಿಗೆ ಬಾಯನ್ನು ಅಣಿ ಮಾಡುತ್ತದೆ. ಗೋಳಿಬಜೆಗೂ ಆದೀತು. ಮಾಂಸ ತಿನ್ನುವವರು ನೀರುದೋಸೆ, ಕೋಳಿ ಗಸಿಯ ಪಕ್ಕ ಇಟ್ಟು ನೋಡಿ. ಪತ್ರೊಡೆಗೆ ಮಾತ್ರ ಬೇಡ, ಅದರಲ್ಲಿ ಆಗಲೇ ಹುಳಿ ಇದೆ. ಪಾಯಸದ ಮೇಲೆ ಕುಡಿದರೆ ಎರಡೂ ಕೆಟ್ಟವು.

ಊಟಕ್ಕೆ ಕೂತ ಮೇಲೆ ಜ್ಯೂಸು ಬದಿಗಿರಲಿ, ಸಾರಿಗೆ ಬನ್ನಿ. ಸಿಪ್ಪೆ ಕುದಿಸಿದ ನೀರಿಗೆ ಉಪ್ಪು, ಬೆಲ್ಲ, ಸೀಳಿದ ಹಸಿಮೆಣಸು. ಮೇಲೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ತಿನ್ನದವರಿಗೆ ಇಂಗು. ಬೇಳೆ ಹಾಕುವ ಗೋಜಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ಉಣ್ಣಿ, ಉಳಿದದ್ದನ್ನು ಲೋಟಕ್ಕೆ ಹೊಯ್ದು ಬಿಸಿಬಿಸಿಯಾಗಿ ಕುಡಿಯಿರಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಕುದಿಸಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ.

ಮನೆಗೆ ಒಯ್ಯುವುದಾದರೆ ಬಾಟಲಿಯ ಸಿರಪ್ ಬಿಟ್ಟು ಒಣಸಿಪ್ಪೆ ಕೊಳ್ಳಿ. ಹಣ್ಣಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಮಳೆ ಬೇಗ ಹಿಡಿದರೆ ಒಣಗಿಸಲು ಬಿಸಿಲು ಸಿಗದೆ ಸಿಪ್ಪೆಗೆ ಬೂಷ್ಟು ಬರುತ್ತದೆ. ಕಪ್ಪಗೆ, ಬೆರಳಲ್ಲಿ ಬಾಗುವಷ್ಟು ಮೆತ್ತಗಿದ್ದರೆ ಹೊಸದು. ಪಟ್ಟನೆ ಮುರಿದರೆ ವರ್ಷ ಕಳೆದದ್ದು. ಅಡಿಗೆಗೆಂದು ಉಪ್ಪು ಹಾಕಿ ಒಣಗಿಸಿದ್ದೂ ಮಾರಾಟಕ್ಕಿರುತ್ತದೆ, ಜ್ಯೂಸಿಗೆ ಅದು ಆಗದು. ಕೇಳಿಯೇ ತೆಗೆದುಕೊಳ್ಳಿ.