ಸೋಡಾ ಬೈಕಾರ್ಬ್ ಯಾರಿಗೆ, ಯಾತಕ್ಕೆ? ಸಾಸ್ತೂರದ ಕಡೆಯಿಂದ ಒಂದು ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)

ತೀವ್ರ ಅಸ್ವಸ್ಥ ರೋಗಿಗಳ ಆಸಿಡೋಸಿಸ್‌ಗೆ ರಕ್ತನಾಳದಲ್ಲಿ ಬೈಕಾರ್ಬೊನೇಟ್ ಕೊಡುವ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷ ಅವ. ಪಿಎಚ್ 7.2ಕ್ಕಿಂತ ಕೆಳಗೆ ಬಂತು ಅಂದ್ರ ಆಂಪೂಲ್ ಒಡೆಯುವವರು ಒಂದು ಕಡೆ. ‘ಟ್ರಯಲ್‌ನಲ್ಲಿ ಉಪಯೋಗ ಕಂಡಿಲ್ಲ’ ಎಂದು ಮುಟ್ಟದೇ ಇರುವವರು ಇನ್ನೊಂದು ಕಡೆ. ಇಬ್ಬರೂ ಪಿಎಚ್ ಎಷ್ಟು ಎಂದು ನೋಡುತ್ತಾರೆ. ಯಾವ ರೋಗಿಯದು, ಆ ರೋಗಿ ಎಲ್ಲಿದ್ದಾನೆ ಎಂದು ಕೇಳುವುದಿಲ್ಲ. ನನ್ನ ಆಕ್ಷೇಪ ಇಷ್ಟೇ. ಸಾಸ್ತೂರದಂಥ ಊರಿನಲ್ಲಿ ಕೂತು ಇದೇ ಟ್ರಯಲ್‌ಗಳನ್ನು ಓದಿದರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಲಿಕ್ಕೆ ಬರೂದಿಲ್ಲ.

ಮೊದಲು ಔಷಧದ ಕೆಲಸ ನೋಡ್ರಿ. ಬೈಕಾರ್ಬೊನೇಟ್ ಆಮ್ಲದ ಜೊತೆ ಸೇರಿ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆ ಅನಿಲವನ್ನು ಶ್ವಾಸಕೋಶ ಹೊರಗೆ ಹಾಕಬೇಕು. ವೆಂಟಿಲೇಟರ್ ಮೇಲಿರುವವರಿಗೆ ಉಸಿರಾಟದ ಪ್ರಮಾಣ ಹೆಚ್ಚಿಸಬಹುದು. ಮೇಲುಸಿರು ಬಿಟ್ಟು ಬಿಟ್ಟು ದಣಿದವರಿಗೆ ಅದೇ ಹೊರೆ. ಜೊತೆಗೆ ಅಯಾನಿಕ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಇಳಿಯುತ್ತವೆ, ಸೋಡಿಯಂ ಏರುತ್ತದೆ. 1990ರಲ್ಲಿ ಕೂಪರ್ ಮತ್ತು ಸಂಗಡಿಗರು ಲ್ಯಾಕ್ಟಿಕ್ ಆಸಿಡೋಸಿಸ್ ಇದ್ದ 14 ರೋಗಿಗಳಲ್ಲಿ ಬೈಕಾರ್ಬೊನೇಟನ್ನು ಅಷ್ಟೇ ಸೋಡಿಯಂ ಇರುವ ಸಲೈನ್ ಜೊತೆ ಹೋಲಿಸಿದರು. ಪಿಎಚ್ ಏರಿತು, ಆದರೆ ರಕ್ತದೊತ್ತಡವಾಗಲಿ ಹೃದಯದ ಕೆಲಸವಾಗಲಿ ಸಲೈನಿಗಿಂತ ಹೆಚ್ಚು ಸುಧಾರಿಸಲಿಲ್ಲ. ವರದಿಯ ಅಂಕಿ ಚೆನ್ನಾಗಿ ಕಂಡರೆ ರೋಗಿ ಚೆನ್ನಾಗಿದ್ದಾನೆ ಎಂದಲ್ಲ ಅನ್ನೋದನ್ನ ಈ ಸಣ್ಣ ಅಧ್ಯಯನ ಹೇಳಿತು.

ಇನ್ನು ದೊಡ್ಡ ಟ್ರಯಲ್‌ಗಳು. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬೈಕಾರ್-ಐಸಿಯು ಟ್ರಯಲ್ ಫ್ರಾನ್ಸಿನ 26 ಐಸಿಯುಗಳಲ್ಲಿ, ಪಿಎಚ್ 7.20 ಅಥವಾ ಅದಕ್ಕಿಂತ ಕಡಿಮೆ ಇದ್ದ 389 ಜನರ ಮೇಲೆ ನಡೆಯಿತು. ಒಟ್ಟು ಗುಂಪಿನಲ್ಲಿ ಮುಖ್ಯ ಫಲಿತಾಂಶಕ್ಕೆ ವ್ಯತ್ಯಾಸ ಸಿಗಲಿಲ್ಲ. ಮೂತ್ರಪಿಂಡಕ್ಕೆ ಮಧ್ಯಮ ಅಥವಾ ತೀವ್ರ ಪೆಟ್ಟು ಬಿದ್ದವರಲ್ಲಿ ಮಾತ್ರ 28ನೇ ದಿನದ ಸಾವು 63%ರಿಂದ 46%ಕ್ಕೆ ಇಳಿದಂತೆ ಕಂಡಿತು. 2021ರ ಸೆಪ್ಸಿಸ್ ಮಾರ್ಗಸೂಚಿ ಅಂಥವರಿಗೆ ಕೊಡಬಹುದು ಎಂದಿತು. ಆಮೇಲೆ ಅಂಥ ರೋಗಿಗಳನ್ನೇ ಆರಿಸಿ ಮಾಡಿದ ಬೈಕಾರ್-ಐಸಿಯು-2, 2025ರಲ್ಲಿ ಪ್ರಕಟವಾಯಿತು. 90ನೇ ದಿನಕ್ಕೆ ಎರಡೂ ಗುಂಪಿನಲ್ಲಿ ಸಾವು ಸುಮಾರು 62%. ಜೀವ ಉಳಿಸುವ ಆಸೆ ಅಲ್ಲಿಗೆ ಮುಗೀತು. ಆದರೆ ಡಯಾಲಿಸಿಸ್ ಬೇಕಾದವರು ಒಂದು ಗುಂಪಿನಲ್ಲಿ 50%, ಬೈಕಾರ್ಬೊನೇಟ್ ಗುಂಪಿನಲ್ಲಿ 35%.

ಈ 35 ಮತ್ತು 50ರ ಅಂತರವನ್ನು ಹೇಗೆ ಓದೋದು? ಒಂದು ಎಚ್ಚರಿಕೆ ಬೇಕು. 2018ರ ಟ್ರಯಲ್‌ನಲ್ಲಿ ಡಯಾಲಿಸಿಸ್ ಶುರು ಮಾಡುವ ಮಾನದಂಡಗಳಲ್ಲೇ ಪಿಎಚ್ ಮತ್ತು ಪೊಟ್ಯಾಸಿಯಂ ಇದ್ದವು. ಇವೆರಡನ್ನೂ ಬೈಕಾರ್ಬೊನೇಟ್ ನೇರವಾಗಿ ಬದಲಿಸುತ್ತದೆ. ಯಾರಿಗೆ ಔಷಧ ಹೋಗ್ತಿದೆ ಎಂದು ವೈದ್ಯರಿಗೂ ಗೊತ್ತಿತ್ತು. ಅಂದ್ರ, ಕಡಿಮೆಯಾದದ್ದರಲ್ಲಿ ಒಂದು ಪಾಲು ಮೂತ್ರಪಿಂಡ ಚೇತರಿಸಿದ್ದಲ್ಲ, ಮಾನದಂಡವನ್ನು ಮುಟ್ಟದೇ ಉಳಿದದ್ದು ಇರಬಹುದು.

ಹಾಗಂತ ಅದು ಬೆಲೆ ಇಲ್ಲದ್ದೇನು? ಫ್ರಾನ್ಸಿನ ಐಸಿಯುನಲ್ಲಿ ಡಯಾಲಿಸಿಸ್ ಯಂತ್ರ ಹಾಸಿಗೆಯ ಹತ್ತಿರಕ್ಕೇ ಬರುತ್ತದೆ. ಸಾಸ್ತೂರದ ಕಡೆ ರೋಗಿಯೇ ಯಂತ್ರದ ಹತ್ತಿರ ಹೋಗಬೇಕು: ಸೊಲ್ಲಾಪುರಕ್ಕೆ, ಲಾತೂರಿಗೆ ಅಥವಾ ಗಡಿಯಾಚೆ ಕಲಬುರಗಿಗೆ. ಅಲ್ಲಿ ಉಳಿಯುವುದು ಒಂದು ಯಂತ್ರದ ಬಳಕೆ, ಇಲ್ಲಿ ಸಿಗುವುದು ದಾರಿಯ ಕೆಲವು ತಾಸು. ಇದನ್ನು ಟ್ರಯಲ್ ಅಳೆದಿಲ್ಲ, ಇದು ನನ್ನ ಅನುಮಾನ. ಆದರೂ ನಮ್ಮ ಕಡೆಗೆ ಕೇಳಬೇಕಾದ ಪ್ರಶ್ನೆ ಇದೇ.

ಎರಡನೆಯ ಮಾತು, ಯಾರನ್ನು ಹೊರಗಿಟ್ಟರು ಎಂಬುದು. ದಿನಕ್ಕೆ 1500 ಮಿಲಿಗಿಂತ ಹೆಚ್ಚು ಭೇದಿಯಲ್ಲೋ ಮೂತ್ರದಲ್ಲೋ ಬೈಕಾರ್ಬೊನೇಟ್ ಕಳೆದುಕೊಂಡವರು, ಸಕ್ಕರೆ ಕಾಯಿಲೆಯ ಕೀಟೋಆಸಿಡೋಸಿಸ್‌ನವರು, ಉಸಿರಾಟದ ಆಸಿಡೋಸಿಸ್‌ನವರು, ಮುಂದುವರಿದ ಹಳೆಯ ಮೂತ್ರಪಿಂಡ ಕಾಯಿಲೆಯವರು. ಹಳ್ಳಿಯ ಆಸ್ಪತ್ರೆಗೆ ಮಳೆಗಾಲದಲ್ಲಿ ಬರುವವರು ಇವರೇ ಅಲ್ಲೇನ್ರಿ? ವಾಂತಿ-ಭೇದಿಯವರು ಕಳೆದುಕೊಂಡದ್ದು ನೀರು, ಉಪ್ಪು, ಪೊಟ್ಯಾಸಿಯಂ ಮತ್ತು ಕ್ಷಾರ. ನೀರು, ಉಪ್ಪು, ಕ್ಷಾರ ಕಳೆಯುವುದನ್ನು 1831ರ ಕಾಲರಾದಲ್ಲೇ ವಿಲಿಯಂ ಓಶಾನೆಸಿ ರಕ್ತ ಪರೀಕ್ಷಿಸಿ ಹೇಳಿದ್ದ; ಮುಂದೆ ಆತ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ. 1832ರಲ್ಲಿ ಥಾಮಸ್ ಲಾಟಾ ರಕ್ತನಾಳಕ್ಕೆ ಬಿಟ್ಟ ನೀರಿನಲ್ಲಿ ಉಪ್ಪಿನ ಜೊತೆ ಸೋಡಾ ಇತ್ತು. ಮೊದಲಿನ ಓಆರ್‌ಎಸ್ ಪುಡಿಯಲ್ಲೂ ಸೋಡಾ ಇತ್ತು. ಬಾಳಿಕೆಗಾಗಿ 1984ರಲ್ಲಿ ಸಿಟ್ರೇಟ್ ಬಂತು. ಕಳೆದದ್ದನ್ನು ತುಂಬುವುದು ಈ ಔಷಧದ ಅತ್ಯಂತ ಹಳೆಯ ಮತ್ತು ಗಟ್ಟಿ ಕಾರಣ. ಅದಕ್ಕೂ ರಿಂಗರ್ ಲ್ಯಾಕ್ಟೇಟ್ ಸಾಮಾನ್ಯವಾಗಿ ಸಾಕು, ಅದರ ಲ್ಯಾಕ್ಟೇಟ್ ಯಕೃತ್ತಿನಲ್ಲಿ ಬೈಕಾರ್ಬೊನೇಟ್ ಆಗುತ್ತದೆ. ಕೀಟೋಆಸಿಡೋಸಿಸ್‌ಗೆ ಮದ್ದು ದ್ರವ ಮತ್ತು ಇನ್ಸುಲಿನ್.

ಮೂರನೆಯದು ಅಳತೆ. ಬೈಕಾರ್-ಐಸಿಯುದಲ್ಲಿ ಒಂದು ಸಲಕ್ಕೆ 4.2% ದ್ರಾವಣ 125ರಿಂದ 250 ಮಿಲಿ, 30 ನಿಮಿಷದಲ್ಲಿ. ಅಂದರೆ 62ರಿಂದ 125 ಮಿಲಿಈಕ್ವಿವಲೆಂಟ್. ನಮ್ಮ 7.5%ರ 25 ಮಿಲಿ ಆಂಪೂಲಿನಲ್ಲಿ ಇರುವುದು ಸುಮಾರು 22. ಅಷ್ಟು ಕೊಡಬೇಕಾದರೆ 3ರಿಂದ 6 ಆಂಪೂಲ್, ತಿಳಿಗೊಳಿಸಿ. ಒಂದೆರಡು ಆಂಪೂಲ್ ಹಾಗೇ ತಳ್ಳಿ ‘ಟ್ರಯಲ್ ಪ್ರಕಾರ ಕೊಟ್ಟೆ’ ಎನ್ನುವುದೂ ತಪ್ಪು, ಅದೇ ಟ್ರಯಲ್ ತೋರಿಸಿ ಅದನ್ನು ಹೀಗಳೆಯುವುದೂ ತಪ್ಪು.

ಸಾಸ್ತೂರದ ಹೆಸರು ಬಂದರೆ ಭೂಕಂಪದ ಮಾತು ಬರಲೇಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಂತೆ ಇಲ್ಲೂ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಅಂಥ ದುರಂತದಲ್ಲಿ ಸ್ನಾಯು ಜಜ್ಜಿದವರಿಗೆ ಬೈಕಾರ್ಬೊನೇಟ್ ಕೊಡುವುದು ಬೇರೆಯೇ ಕಾರಣಕ್ಕೆ: ಸ್ನಾಯುವಿನಿಂದ ಹೊರಬಂದ ಮಯೋಗ್ಲೋಬಿನ್ ಮೂತ್ರಪಿಂಡದಲ್ಲಿ ಗಟ್ಟಿಯಾಗದಿರಲಿ ಎಂದು ಮೂತ್ರವನ್ನು ಕ್ಷಾರೀಯ ಮಾಡಲು. ಅಲ್ಲಿಯೂ ಮೊದಲ ಮದ್ದು ಬೇಗ ಕೊಡುವ ಸಲೈನ್. ಔಷಧ ಒಂದೇ ಇದ್ರೂ ಉದ್ದೇಶ ಬ್ಯಾರೆ ಬ್ಯಾರೆ. ‘ಒಳ್ಳೇದೋ ಕೆಟ್ಟದ್ದೋ’ ಎಂಬ ಚರ್ಚೆ ಇದನ್ನು ಮರೆಸುತ್ತದೆ.

ಪ್ರಶ್ನೆ (ವಿದ್ಯಾರ್ಥಿ): ಎಬಿಜಿ ಯಂತ್ರಾನೇ ಇಲ್ಲದ ಕಡೆ ಏನು ಮಾಡಬೇಕ್ರಿ?

ಉತ್ತರ: ಉಸಿರು ನೋಡಿ ಅಂದಾಜಿನ ಮೇಲೆ ಕೊಡಬ್ಯಾಡ್ರಿ. ಉಸಿರಿನ ಗತಿ ಎಣಿಸಿ, ಸಕ್ಕರೆ ಮತ್ತು ಮೂತ್ರದ ಕೀಟೋನ್ ನೋಡಿ, ಮೂತ್ರ ಎಷ್ಟು ಬಂತು ಬರೆದಿಡಿ, ಇಸಿಜಿ ತೆಗೆಯಿರಿ. ಪೊಟ್ಯಾಸಿಯಂ ಏರಿದ ಗುರುತು ಕಂಡರೆ ಮೊದಲು ಕ್ಯಾಲ್ಸಿಯಂ, ಆಮೇಲೆ ಇನ್ಸುಲಿನ್-ಡೆಕ್ಸ್‌ಟ್ರೋಸ್. ಬೈಕಾರ್ಬೊನೇಟ್ ಕೊಡುವುದಾದರೆ ಕ್ಯಾಲ್ಸಿಯಂ ಹೋಗುವ ಲೈನಿನಲ್ಲಿ ಬೇಡ, ಎರಡೂ ಸೇರಿದರೆ ಗರಣೆ ಕಟ್ಟುತ್ತದೆ. ರಿಂಗರ್ ಲ್ಯಾಕ್ಟೇಟ್‌ನಲ್ಲೂ ಕ್ಯಾಲ್ಸಿಯಂ ಅದ, ನೆನಪಿರಲಿ. ಕೊಟ್ಟದ್ದಾದರೆ ಎಷ್ಟು ಆಂಪೂಲ್, ಎಷ್ಟು ಗಂಟೆಗೆ ಎಂದು ರೆಫರಲ್ ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯವರು ತಿದ್ದಿದ ಪಿಎಚ್ ನೋಡಿ, ರೋಗಿ ಅಷ್ಟೇನೂ ಕೆಟ್ಟಿಲ್ಲ ಎಂದು ತಿಳಿದುಕೊಳ್ಳುತ್ತಾರೆ.