ಮಕ್ಕಳ ಸಂತೆಯ ಮರುದಿನ

ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ, ಕೆಲವು ಕಡೆ ಮೆಟ್ರಿಕ್ ಮೇಳ ಎನ್ನುತ್ತಾರೆ, ನನಗೆ ಬಹಳ ಮೆಚ್ಚಿನ ಏರ್ಪಾಡು. ಸೊಪ್ಪು, ನಿಂಬೆಹಣ್ಣು, ಶೇಂಗಾ ಹರವಿಕೊಂಡು ಮಕ್ಕಳು ಕೂಗಿ ಕೂಗಿ ಗಿರಾಕಿಗಳನ್ನು ಕರೆಯುವಾಗ ಗುಣಾಕಾರ, ಭಾಗಾಕಾರದ ಭಯ ಎಲ್ಲಿ ಹೋಯಿತೋ ಅನ್ನಿಸುತ್ತದೆ.

ಅಂಥದೊಂದು ಸಂತೆಯಲ್ಲಿ ಕಟ್ಟಿಗೆ 15 ರೂಪಾಯಿಯಂತೆ ಹರಿವೆ ಸೊಪ್ಪು ಮಾರುತ್ತಿದ್ದ ನಾಲ್ಕನೇ ತರಗತಿಯ ಹುಡುಗಿಯನ್ನು 7 ಕಟ್ಟು ಕೇಳಿದೆ. ‘ಎರಡಕ್ಕೆ ಮೂವತ್ತು, ನಾಲ್ಕಕ್ಕೆ ಅರವತ್ತು, ಆರಕ್ಕೆ ತೊಂಬತ್ತು, ಇನ್ನೊಂದು ಸೇರಿ ನೂರೈದು ಕೊಡಿ’ ಅಂದಳು. ಹದಿನೈದರ ಮಗ್ಗಿ ಅವಳಿಗೆ ಬಾರದು. ಆದರೂ ಮುಂದೆ ಬೀಜಗಣಿತದಲ್ಲಿ ಬರುವ, ಆವರಣ ಬಿಡಿಸುವ ನಿಯಮ ಆಗಲೇ ಅವಳ ಬಾಯಲ್ಲಿತ್ತು.

ಪಕ್ಕದ ಹುಡುಗನ ಬೀನ್ಸ್ ಕಿಲೋಗೆ 40 ರೂಪಾಯಿ. ಒಬ್ಬ ತಾಯಿ 10 ರೂಪಾಯಿಗೆ ಕೇಳಿದರು. ಈ ಪುಟ್ಟ ಕೇಳಿಕೆಯಲ್ಲಿ ಎರಡು ಭಾಗಾಕಾರಗಳಿವೆ: 40ರಲ್ಲಿ 10 ಎಷ್ಟು ಸಲ ಇದೆ ಎಂಬುದೊಂದು, 1000 ಗ್ರಾಂ ಅನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲು ಎಷ್ಟು ಎಂಬುದು ಇನ್ನೊಂದು. ಹುಡುಗ ಯೋಚಿಸುವಷ್ಟರಲ್ಲಿ ಹಿಂದೆ ನಿಂತಿದ್ದ ಹಿರಿಯರು ‘ಕಾಲು ಕೆ.ಜಿ. ಹಾಕೋ’ ಅಂದುಬಿಟ್ಟರು. ಮಕ್ಕಳ ಲೆಕ್ಕವನ್ನು ದೊಡ್ಡವರೇ ಮಾಡಿಬಿಡುವುದು ಸಂತೆಯ ದೊಡ್ಡ ಕೊರತೆ. ಚಿಲ್ಲರೆಯ ತಾಪತ್ರಯ ಬೇಡವೆಂದು ಎಲ್ಲವನ್ನೂ ಹತ್ತು ರೂಪಾಯಿಯ ಪೊಟ್ಟಣ ಕಟ್ಟಿಸುವುದು ಇನ್ನೊಂದು. ಅಲ್ಲಿ ಲೆಕ್ಕಕ್ಕೆ ಕೆಲಸವೇ ಉಳಿಯದು.

ಸಂತೆಯ ಲೆಕ್ಕ ತಾನಾಗಿಯೇ ಪುಸ್ತಕಕ್ಕೆ ಬರುತ್ತದೆ ಎಂದು ನಂಬುವಂತೆಯೂ ಇಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ದಿಲ್ಲಿ, ಕೋಲ್ಕತ್ತದಲ್ಲಿ ಮಾಡಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದರು. ಶಾಲೆಯ ರೀತಿಯಲ್ಲಿ ಬರೆದು ಕೊಟ್ಟ ಲೆಕ್ಕಕ್ಕೆ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋತರು. ನಡುವೆ ಸೇತುವೆ ಕಟ್ಟಬೇಕಾದವರು ಮೇಷ್ಟ್ರೇ.

ನಮ್ಮ ಸಂತೆಗಳು ಉದ್ಘಾಟನೆ, ಫೋಟೊ, ಪತ್ರಿಕಾ ವರದಿಗೆ ಮುಗಿಯುತ್ತಿವೆ. ಮರುದಿನದ ಗಣಿತದ ಪಿರಿಯಡ್ ಈ ಸೇತುವೆಗೇ ಮೀಸಲಾಗಲಿ. ಹರಿವೆ ಸೊಪ್ಪಿನ ಹುಡುಗಿ ತನ್ನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿ, ಅದರ ಪಕ್ಕದಲ್ಲಿ ಮೇಷ್ಟ್ರು 15×7 ಬರೆಯಲಿ. 250 ರೂಪಾಯಿ ಲಾಭವನ್ನು 6 ಜನ ಹಂಚಿಕೊಂಡಾಗ ಉಳಿಯುವ 4 ರೂಪಾಯಿಗೆ ಏನು ಮಾಡಬೇಕೆಂದು ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ.